ಹಗಲು ಬ್ಯಾಂಕು, ಇರುಳು ತತ್ತ್ವಚಿಂತನೆ

ಆಲ್ಫ್ರೆಡ್ ಷುಟ್ಸ್ 1899ರಲ್ಲಿ ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಜನಿಸಿದರು. ಹಗಲೆಲ್ಲ ಬ್ಯಾಂಕಿನಲ್ಲಿ ದುಡಿದು, ಇರುಳಿನಲ್ಲಿ ಅವರು ಸಮಾಜವಿಜ್ಞಾನದ ತಾತ್ತ್ವಿಕ ತಳಹದಿಯನ್ನು ಶೋಧಿಸಿದರು. ಕಲ್ಲು ಉರುಳಿದರೆ ಅದರ ಕಾರಣವನ್ನು ಹೇಳಿದರೆ ಸಾಕು. ಮನುಷ್ಯನು ಕೈಯೆತ್ತಿದರೆ ಅದು ವಂದನೆಯೋ ಬೆದರಿಕೆಯೋ ಎಂಬುದನ್ನೂ ಅರಿಯಬೇಕು. ಜನರು ತಮ್ಮ ಕ್ರಿಯೆಗಳಿಗೆ ಕೊಡುವ ಅರ್ಥವನ್ನು ಬಿಟ್ಟು ಸಮಾಜವನ್ನು ತಿಳಿಯಲಾಗದೆಂಬುದು 1932ರಲ್ಲಿ ಪ್ರಕಟವಾದ ಅವರ ಗ್ರಂಥದ ಸಾರ.

1938ರಲ್ಲಿ ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡರು. ಯೆಹೂದ್ಯರಾದ ಷುಟ್ಸರು ತಾಯ್ನಾಡನ್ನು ತೊರೆದು, 1939ರಲ್ಲಿ ನ್ಯೂಯಾರ್ಕನ್ನು ಸೇರಿದರು. ಪರಸ್ಥಳಕ್ಕೆ ಬಂದವನನ್ನು ಕುರಿತ ಅವರ ಪ್ರಬಂಧವು 1944ರಲ್ಲಿ ಪ್ರಕಟವಾಯಿತು. ಊರಿನವರಿಗೆ ಸಹಜವೆನಿಸಿದ ನಡೆನುಡಿಗಳನ್ನು ಹೊಸಬನು ಒಂದೊಂದಾಗಿ ಕಲಿಯಬೇಕು. ಆದುದರಿಂದಲೇ ಅವರು ಗಮನಿಸದುದನ್ನು ಅವನು ಗಮನಿಸುತ್ತಾನೆ. ಸ್ವತಃ ನೆಲೆ ತಪ್ಪಿದ್ದ ಷುಟ್ಸರು ಈ ಮಾತನ್ನು ಬಲ್ಲವರಾಗಿದ್ದರು. 1959ರಲ್ಲಿ ಅವರು ನ್ಯೂಯಾರ್ಕಿನಲ್ಲಿಯೇ ನಿಧನರಾದರು.