ಪರ್ಯಾಯಪದಗಳು: ಒಂದು ವಿವೇಚನೆ

ಇಂಗ್ಲಿಷ್ ಪ್ರಶ್ನಪತ್ರಿಕೆಯಲ್ಲಿ "ಈ ಪದಗಳಿಗೆ ಸಮಾನಾರ್ಥಕಗಳನ್ನು ಬರೆಯಿರಿ" ಎಂಬುದೊಂದು ಪ್ರಶ್ನೆ ಬರುವುದುಂಟು. ಗೈಡುಗಳಲ್ಲಿ ಅಚ್ಚಾಗಿರುವ ಪಟ್ಟಿಯನ್ನು ಬಾಯಿಪಾಠ ಮಾಡಿ ನಾವು ಅದಕ್ಕೆ ಉತ್ತರ ಬರೆಯುತ್ತೇವೆ, ಅಂಕಗಳೂ ದೊರೆಯುತ್ತವೆ. ಆದರೆ ಆ ಪಟ್ಟಿಯನ್ನೇ ನೆಚ್ಚಿಕೊಂಡು ಪ್ರಬಂಧ ಬರೆಯಹೊರಟಾಗ ತೊಡಕು ಪ್ರಾರಂಭವಾಗುತ್ತದೆ. ಗೈಡಿನ ಪ್ರಕಾರ 'ಗ್ರೇಟ್', 'ಬಿಗ್', 'ಲಾರ್ಜ್' ಮೂರೂ ಒಂದೇ: ದೊಡ್ಡದು. ಆದರೆ 'ಗ್ರೇಟ್ ಮ್ಯಾನ್' ಎಂದರೆ ಮಹಾಪುರುಷ. 'ಬಿಗ್ ಮ್ಯಾನ್' ಎಂದರೆ ಭಾರಿ ಆಳು, ಇಲ್ಲವೆ ಊರಿನ ದೊಡ್ಡ ಕುಳ. 'ಲಾರ್ಜ್ ಮ್ಯಾನ್' ಎಂದರೆ ಸ್ಥೂಲಕಾಯ. ಗಾಂಧೀಜಿಯವರಂಥ ಕೃಶದೇಹಿಯನ್ನು 'ಲಾರ್ಜ್ ಮ್ಯಾನ್' ಎಂದು ವರ್ಣಿಸಿದ ಉತ್ತರವನ್ನು ಓದಿ ಪರೀಕ್ಷಕರು ನಗುವರೋ ಮರುಗುವರೋ ಹೇಳಲಾರೆ.

ಒಂದೇ ಅರ್ಥಕ್ಕೆ ಇಷ್ಟೊಂದು ಪದಗಳು ಆ ಭಾಷೆಗೆ ಬಂದುದಾದರೂ ಎಲ್ಲಿಂದ? ಉತ್ತರ ಅದರ ಚರಿತ್ರೆಯಲ್ಲಿದೆ. ಆಂಗ್ಲೋ-ಸ್ಯಾಕ್ಸನ್ ಜನರ ನಾಡುನುಡಿ ತಳಪಾಯ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಸ್ಥಾನಗಳಲ್ಲಿ ಫ್ರೆಂಚ್ ನುಡಿ ನೆಲೆಯೂರಿತು. ಪಂಡಿತರು ಲ್ಯಾಟಿನ್ನಿನಿಂದ ನೇರವಾಗಿ ತಂದ ಪದಗಳು ಮೂರನೆಯ ಪದರ. ಹೀಗಾಗಿ ರಾಜನಿಗೆ ಸಂಬಂಧಿಸಿದ್ದನ್ನು ಹೇಳಲು 'ಕಿಂಗ್ಲಿ', 'ರಾಯಲ್', 'ರೀಗಲ್' ಎಂದು ಮೂರು ಪದಗಳು.

ಇದನ್ನು ಕಂಡು ಬೆರಗಾಗುವ ಕಾರಣ ನಮಗಿಲ್ಲ. ದೇಶ್ಯ, ತತ್ಸಮ, ತದ್ಭವ ಎಂಬ ವಿಂಗಡಣೆಯನ್ನು ನಾವು ಹೈಸ್ಕೂಲಿನಲ್ಲಿಯೇ ಕಲಿತಿದ್ದೇವೆ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ತದ್ಭವಗಳಿಗಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಈ ಬೀಗದಕೈಯಿಂದಲೇ ಇಂಗ್ಲಿಷಿನ ಬಾಗಿಲನ್ನೂ ತೆರೆಯಬಹುದೆಂಬುದು ನನ್ನ ಅಭಿಪ್ರಾಯ. 'ರೀಗಾಲಿಸ್' ಎಂಬ ಲ್ಯಾಟಿನ್ ಪದ ಹೆಚ್ಚು ಮಾರ್ಪಡದೆ 'ರೀಗಲ್' ಆಯಿತು, ಅದು ತತ್ಸಮವಿದ್ದಂತೆ. ಅದೇ ಪದ ಫ್ರೆಂಚರ ನಾಲಗೆಯ ಮೇಲೆ ಸವೆದು 'ರಾಯಲ್' ಆಯಿತು, ಅದು ತದ್ಭವವಿದ್ದಂತೆ. 'ಕಿಂಗ್ಲಿ' ಅಚ್ಚ ದೇಶ್ಯ. ಹುಟ್ಟು ಒಂದಾದರೂ ಬಾಳು ಒಂದಲ್ಲ. ಸರ್ಕಾರಿ ಗಾಂಭೀರ್ಯದ 'ರಾಯಲ್' ಪದ ಸಂಘಸಂಸ್ಥೆಗಳ ಹೆಸರಿಗೆ ಅಂಟಿಕೊಂಡಿತು; 'ರೀಗಲ್' ನಿಲುವು ನಡಿಗೆಗಳ ಠೀವಿಯನ್ನು ಹೇಳುತ್ತದೆ. 'ಫ್ರೇಲ್', 'ಫ್ರ್ಯಾಜೈಲ್' ಎಂಬ ಜೋಡಿಯೂ ಹೀಗೆಯೇ ಒಂದೇ ಲ್ಯಾಟಿನ್ ಮೂಲದ್ದು. ಮುಪ್ಪಿನಿಂದ ಸೊರಗಿದ ಅಜ್ಜಿ 'ಫ್ರೇಲ್'. ಪಾರ್ಸಲಿನೊಳಗಿನ ಗಾಜಿನ ಲೋಟ 'ಫ್ರ್ಯಾಜೈಲ್'.

ನಮ್ಮಲ್ಲಿಯೂ 'ಸಂಧ್ಯಾ' ಎಂಬುದರ ತದ್ಭವ 'ಸಂಜೆ'. ಸಂಧ್ಯಾವಂದನೆಯನ್ನು ಬೆಳಿಗ್ಗೆಯೂ ಮಾಡುತ್ತಾರೆ, ಆದರೆ ಬೆಳಿಗ್ಗೆ ಸಂಜೆಯಾಗುವುದಿಲ್ಲ! ನೀರು, ಜಲ, ಉದಕ, ತೀರ್ಥ ಎಂಬುವನ್ನು ನಿಘಂಟು ಒಟ್ಟಿಗೆ ಕೂರಿಸಬಹುದು. ಹೋಟೆಲಿನಲ್ಲಿ ಕುಳಿತು "ಒಂದು ಲೋಟ ಉದಕ ಕೊಡಿ" ಎಂದರೆ ಮಾಣಿ ಗಾಬರಿಯಾಗುತ್ತಾನೆ. ತಾಯ್ನುಡಿಯಲ್ಲಿ ಈ ವ್ಯತ್ಯಾಸಗಳನ್ನು ನಮಗೆ ಯಾರೂ ಕಲಿಸಲಿಲ್ಲ, ಕಿವಿಯೇ ಕಲಿಸಿತು. ಪರಭಾಷೆಯಲ್ಲಿ ಆ ಕಿವಿ ನಮಗಿಲ್ಲದಿರುವುದೇ ಎಲ್ಲ ಕಷ್ಟಕ್ಕೂ ಮೂಲ.

'ಕೇಳು' ಎಂಬ ನಮ್ಮ ಧಾತುವನ್ನೇ ನೋಡಿ. ಹಾಡು ಕೇಳುತ್ತೇವೆ, ದಾರಿ ಕೇಳುತ್ತೇವೆ, ಸಾಲ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಕಿವಿಯ ಕೆಲಸಕ್ಕೇ ಎರಡು ಪದಗಳು: ತಾನಾಗಿ ಕಿವಿಗೆ ಬಿದ್ದರೆ 'ಹಿಯರ್', ಮನಸ್ಸಿಟ್ಟು ಕೇಳಿದರೆ 'ಲಿಸನ್'. ಬಾಯಿಯ ಕೆಲಸಕ್ಕಂತೂ ಒಂದು ಸಾಲೇ ಇದೆ. 'ಆಸ್ಕ್' ಎಲ್ಲರದು; 'ಕ್ವೆಶ್ಚನ್' ಎಂಬ ಕ್ರಿಯಾಪದದಲ್ಲಿ ಸಂಶಯದ ವಾಸನೆಯಿದೆ; 'ಇಂಟರಾಗೇಟ್' ಪೊಲೀಸಿನವರದು. ಎಲ್ಲಕ್ಕಿಂತ ಮೋಸದ ಪದ 'ಡಿಮಾಂಡ್'. ಫ್ರೆಂಚಿನಲ್ಲಿ ಅದರ ಮೂಲಕ್ಕೆ ಬರಿಯ ಕೇಳುವುದು ಎಂದೇ ಅರ್ಥ. ಇಂಗ್ಲಿಷಿನಲ್ಲಿ ಅದು ಹಕ್ಕಿನಿಂದ, ಪಟ್ಟುಹಿಡಿದು ಕೇಳುವುದಾಯಿತು. ಪ್ರಿನ್ಸಿಪಾಲರಿಗೆ ಬರೆದ ಅರ್ಜಿಯಲ್ಲಿ ಎರಡು ದಿನದ ರಜೆಯನ್ನು 'ಡಿಮಾಂಡ್' ಮಾಡಿದರೆ ಅದು ರಜೆಯ ಅರ್ಜಿಯಾಗಿ ಉಳಿಯದೆ ಮುಷ್ಕರದ ನೋಟೀಸಾಗುತ್ತದೆ.

ಒಂದೇ ಅರ್ಥದ ಎರಡು ಪದಗಳು ಒಂದೇ ಮನೆಯಲ್ಲಿ ಬಹುಕಾಲ ಬಾಳಲಾರವು. ಹಳೆಯ ಇಂಗ್ಲಿಷಿನಲ್ಲಿ 'ಸ್ಟಾರ್ವ್' ಎಂಬುದರ ಪೂರ್ವರೂಪಕ್ಕೆ ಸಾಯುವುದು ಎಂದಷ್ಟೇ ಅರ್ಥವಿತ್ತು. 'ಡೈ' ಎಂಬುದು ಬಳಕೆಗೆ ಬಂದು ಆ ಸ್ಥಾನವನ್ನು ಆಕ್ರಮಿಸಿದ ಮೇಲೆ, ಹಳೆಯ ಪದ ಪಕ್ಕಕ್ಕೆ ಸರಿದು ಹಸಿವಿನ ಸಾವಿಗೆ ಸೀಮಿತವಾಯಿತು. 'ಪೆರಿಷ್' ಎಂದರೆ ಹಡಗು ಒಡೆದು, ಬರ ಬಂದು ಅಳಿಯುವುದು.

ಇಲ್ಲಿ 'ಎಕ್ಸ್‌ಪೈರ್' ಎಂಬ ಪದದ ವಿಚಾರ ಹೇಳದೆ ಮುಂದೆ ಹೋಗಲಾರೆ. ತಂದೆ ತೀರಿಕೊಂಡರೆಂದು ತಿಳಿಸುವ ಕಾಗದದಲ್ಲಿ ನಮ್ಮವರು ಬಹುಮಟ್ಟಿಗೆ ಬರೆಯುವುದು ಇದನ್ನೇ. ಇಂದಿನ ಆಂಗ್ಲೇಯನ ಕಿವಿಗೆ ಇದು ಲೈಸೆನ್ಸಿನ ಅವಧಿ ಮುಗಿದಂತೆ ಕೇಳಿಸುತ್ತದೆ. ದುಃಖದಲ್ಲಿ ಬರೆದ ಒಂದು ಸಾಲು ಕಚೇರಿಯ ಸೂಚನೆಯಂತೆ ಓದಿಸಿಕೊಳ್ಳುವುದಕ್ಕಿಂತ ಬೇರೆ ನಷ್ಟವುಂಟೆ? ಆದರೂ ಇದನ್ನು ಶುದ್ಧ ತಪ್ಪೆಂದು ಹಳಿಯಲು ನಾನು ಒಪ್ಪುವುದಿಲ್ಲ. ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ಉಸಿರನ್ನು ಹೊರಬಿಡುವುದೆಂದು ಅರ್ಥ. "ಕೊನೆಯುಸಿರೆಳೆದರು" ಎನ್ನುವ ನಮಗೆ ಅದು ಹಿತವಾಗಿ ಕಂಡುದು ಸಹಜವೇ. ನಮ್ಮೊಳಗಿನ ಪತ್ರಗಳಲ್ಲಿ ಅದು ಇರಲಿ. ಹೊರಗಿನವರಿಗೆ ಬರೆಯುವಾಗ 'ಡೈಡ್' ಎಂಬ ಸರಳ ಪದ ಸಾಕು. ಬೇಕಾದರೆ 'ಪಾಸ್ಡ್ ಅವೇ' ಎನ್ನಬಹುದು. ನಮ್ಮ "ತೀರಿಕೊಂಡರು" ಎಂಬುದರ ಮೃದುತ್ವ ಅದರಲ್ಲಿದೆ.

ಕೆಲವು ಪದಗಳಲ್ಲಿ ವಸ್ತು ಒಂದೇ, ನೋಡುವ ಕಣ್ಣು ಬೇರೆ. 'ಸ್ಲೆಂಡರ್' ಎಂದರೆ ಮೆಚ್ಚುಗೆ, 'ಸ್ಕಿನ್ನಿ' ಎಂದರೆ ಹೀಯಾಳಿಕೆ. ನಮ್ಮ ತೆಳುಮೈ, ಬಡಕಲು ಇದ್ದಂತೆ. 'ಚೈಲ್ಡ್‌ಲೈಕ್' ಎಂದರೆ ಮಗುವಿನ ಮುಗ್ಧತೆ, 'ಚೈಲ್ಡಿಷ್' ಎಂದರೆ ಹುಡುಗಾಟಿಕೆ.

ಇದಕ್ಕೆ ನೆರವಾಗುವ ಪುಸ್ತಕಗಳಿಲ್ಲದಿಲ್ಲ. ವೈದ್ಯನಾಗಿದ್ದ ಪೀಟರ್ ಮಾರ್ಕ್ ರೋಜೆಯ 'ಥಿಸಾರಸ್' 1852ರಲ್ಲಿ ಪ್ರಕಟವಾಯಿತು. ಅದು ಪದಗಳನ್ನು ಭಾವಾನುಗುಣವಾಗಿ ಗುಂಪುಗೂಡಿಸುತ್ತದೆಯೇ ಹೊರತು ಅವುಗಳ ಅಂತರವನ್ನು ವಿವರಿಸುವುದಿಲ್ಲ. ಬಲ್ಲವರಿಗೆ ಜ್ಞಾಪಕಕ್ಕೆ ತಂದುಕೊಡುತ್ತದೆ, ಅರಿಯದವರನ್ನು ಹಳ್ಳಕ್ಕೆ ಕೆಡವುತ್ತದೆ. ಅದಕ್ಕೂ ಮೊದಲೇ, 1816ರಲ್ಲಿ, ಜಾರ್ಜ್ ಕ್ರ್ಯಾಬ್ ಎಂಬಾತ ಪರ್ಯಾಯಪದಗಳ ಭೇದಗಳನ್ನೇ ವಿವರಿಸುವ ಗ್ರಂಥವನ್ನು ರಚಿಸಿದ್ದನು. ಫೌಲರ್ ಸಹೋದರರು 1906ರಲ್ಲಿ, ಲ್ಯಾಟಿನ್ ಸಂತತಿಯ ಪದಕ್ಕಿಂತ ಸ್ಯಾಕ್ಸನ್ ಪದವನ್ನೇ ಆರಿಸಿಕೊಳ್ಳಿರೆಂದು ವಿಧಿಸಿದರು. ಹೊಸಬರಿಗೆ ಒಳ್ಳೆಯ ಊರುಗೋಲು. ಆದರೆ ಪೊಲೀಸರ ವಿಚಾರಣೆಯನ್ನು 'ಆಸ್ಕ್' ಎಂದು ಬರೆದರೆ ಅರ್ಥವೇ ಸೊರಗುತ್ತದೆ.

ನಾನು ಅನುಸರಿಸುತ್ತಿರುವ ಕ್ರಮ ಇದು: ಪದವನ್ನು ಒಂಟಿಯಾಗಿ ಬರೆದುಕೊಳ್ಳದೆ, ಓದುವಾಗ ಸಿಕ್ಕಿದ ಅದರ ಸಂಗಾತಿಯೊಡನೆ ಬರೆದುಕೊಳ್ಳುವುದು. ಅಪರಾಧವಾದರೆ 'ಕಮಿಟ್', ಕರ್ತವ್ಯವಾದರೆ 'ಪರ್ಫಾರ್ಮ್', ತಪ್ಪಾದರೆ 'ಮೇಕ್'. ಕನ್ನಡದಲ್ಲಿ ಮೂರಕ್ಕೂ ಒಂದೇ 'ಮಾಡು'. ಈ 'ಮಾಡು' ಎಂಬುದರ ಕೆಳಗೆ ನನ್ನ ನೋಟುಪುಸ್ತಕದಲ್ಲಿ ಮೂರು ಪುಟಗಳು ತುಂಬಿವೆ. 'ಹಾಕು' ಎಂಬುದಕ್ಕೆ ಐದು ಪುಟ ಬಿಟ್ಟಿದ್ದೇನೆ.