ಬಾಂಬರ್ ವಿಮಾನಗಳು

ಹಕ್ಕಿಯಂತೆ ಹಾರಬೇಕೆಂಬ ಮಾನವನ ಹಂಬಲವನ್ನು ರೈಟ್ ಸಹೋದರರು 1903ರಲ್ಲಿ ಸಫಲಗೊಳಿಸಿದರು. ಅದಾದ ಎಂಟೇ ವರ್ಷಗಳಲ್ಲಿ ವಿಮಾನವು ಸಂಹಾರದ ಸಾಧನವಾದುದು ಖೇದದ ಸಂಗತಿ. 1911ರ ನವೆಂಬರ್ 1ರಂದು ಇಟಲಿಯ ಸೇನಾಧಿಕಾರಿ ಜೂಲಿಯೊ ಗಾವೊಟ್ಟಿ ಎಂಬಾತನು ಲಿಬಿಯದಲ್ಲಿ ತುರ್ಕರ ಪಾಳೆಯಗಳ ಮೇಲೆ ಹಾರಿ, ತಾನು ಒಯ್ದಿದ್ದ ನಾಲ್ಕು ಕೈಬಾಂಬುಗಳನ್ನು ಕೆಳಗೆಸೆದನು. ಬಾಂಬರ್ ವಿಮಾನದ ಚರಿತ್ರೆ ಆರಂಭವಾದುದು ಹೀಗೆ.

ಮೊದಲನೆಯ ಮಹಾಯುದ್ಧದಲ್ಲಿ ಬಾಂಬು ಹೊರುವುದಕ್ಕೆಂದೇ ದೊಡ್ಡ ವಿಮಾನಗಳು ನಿರ್ಮಾಣಗೊಂಡವು. 1917ರ ಜೂನ್ 13ರಂದು ಜರ್ಮನಿಯ ಗೋಥಾ ವಿಮಾನಗಳು ಹಾಡಹಗಲಲ್ಲೇ ಲಂಡನ್ ನಗರದ ಮೇಲೆರಗಿದವು. ಒಂದು ಬಾಂಬು ಶಾಲೆಯ ಮೇಲೆ ಬಿದ್ದು 18 ಮಕ್ಕಳು ಅಸುನೀಗಿದರು. ಅವರಲ್ಲಿ ಹೆಚ್ಚಿನವರು ಐದಾರು ವರ್ಷದ ಹಸುಳೆಗಳು. ರಣರಂಗ ಯಾವುದು, ಊರು ಯಾವುದು ಎಂಬ ಭೇದವನ್ನು ಮೇಲಿನಿಂದ ಬೀಳುವ ಬಾಂಬು ಅರಿಯದು.

ಎರಡನೆಯ ಮಹಾಯುದ್ಧದ ವೇಳೆಗೆ ನಾಲ್ಕು ಎಂಜಿನುಗಳ ಭಾರೀ ಬಾಂಬರುಗಳು ಬಂದವು. ಅಮೆರಿಕವು ಲಿಬರೇಟರ್ ಎಂಬ ಒಂದೇ ಬಗೆಯ ವಿಮಾನವನ್ನು 18,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿತು. ಹತ್ತು ಮಂದಿಯನ್ನು ಹೊತ್ತು ಹಲವು ಕಿಲೋಮೀಟರ್ ಎತ್ತರದಲ್ಲಿ ಅದು ಹಾರುತ್ತಿತ್ತು. ಅಷ್ಟು ಎತ್ತರದಿಂದ ಬಾಂಬು ಕೆಡಹುವವನಿಗೆ ಕೆಳಗಿರುವವರ ಮುಖ ಕಾಣುವುದೆಲ್ಲಿ? 1945ರ ಆಗಸ್ಟ್ 6ರಂದು ಒಂದೇ ವಿಮಾನ, ಒಂದೇ ಬಾಂಬು ಹಿರೋಷಿಮಾ ನಗರವನ್ನು ಸುಟ್ಟಿತು. ನಾಲ್ಕು ಕೈಬಾಂಬುಗಳಿಂದ ಅಣುಬಾಂಬಿನವರೆಗಿನ ದಾರಿಯನ್ನು ಸವೆಸಲು ಮಾನವನಿಗೆ ಬೇಕಾದುದು 34 ವರ್ಷಗಳು ಮಾತ್ರ!

ಲಿಬರೇಟರ್ ವಿಮಾನಕ್ಕೂ ನಮ್ಮ ಬೆಂಗಳೂರಿಗೂ ನಂಟುಂಟು. ಯುದ್ಧಕಾಲದಲ್ಲಿ ಬ್ರಿಟಿಷರು ಅಮೆರಿಕದಿಂದ ಎರವಲು ಪಡೆದಿದ್ದ ವಿಮಾನಗಳನ್ನು, ಯುದ್ಧ ಮುಗಿದ ಬಳಿಕ ಕರಾರಿನಂತೆ ಬೇರೆಯವರಿಗೆ ಒಪ್ಪಿಸುವಂತಿರಲಿಲ್ಲ. ಆದಕಾರಣ ಹಲವಾರು ಲಿಬರೇಟರುಗಳನ್ನು ಅವರು ಕಾನ್ಪುರದಲ್ಲಿ ಕೆಲಸಕ್ಕೆ ಬಾರದಂತೆ ಹಾಳುಗೆಡವಿ ತೊರೆದು ಹೋದರು. ಸ್ವತಂತ್ರ ಭಾರತದ ಬಳಿ ಆಗ ಭಾರೀ ಬಾಂಬರುಗಳೇ ಇರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕೆಲಸಗಾರರು ಕಾನ್ಪುರಕ್ಕೆ ತೆರಳಿ, ಒಂದರ ಬಿಡಿಭಾಗವನ್ನು ಮತ್ತೊಂದಕ್ಕೆ ಜೋಡಿಸಿ, ಹೇಗೋ ಹಾರುವಷ್ಟರಮಟ್ಟಿಗೆ ಅವನ್ನು ಸಜ್ಜುಗೊಳಿಸಿದರು. ಅರ್ಧಂಬರ್ಧ ದುರಸ್ತಿಯಾದ ಆ ವಿಮಾನಗಳನ್ನು ಕಾರ್ಖಾನೆಯ ವಿಮಾನಚಾಲಕ ಜಮ್ಷೆಡ್ ಮುನ್ಶಿಯವರು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಯುದ್ಧದ ಸಾಹಸಗಳನ್ನು ಕೊಂಡಾಡುವ ನಾವು ಇಂಥ ಸಾಹಸವನ್ನು ನೆನೆಯುವುದು ಕಡಿಮೆ. ಇಲ್ಲಿ ಸಂಪೂರ್ಣ ದುರಸ್ತಿ ಹೊಂದಿದ ವಿಮಾನಗಳು 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಸೇರಿದವು.

1957ರಲ್ಲಿ ಜೆಟ್ ಎಂಜಿನಿನ ಕ್ಯಾನ್‌ಬೆರಾ ಬಾಂಬರುಗಳು ಬಂದವು. 50 ವರ್ಷಗಳ ಕಾಲ ಸೇವೆ ಸಲ್ಲಿಸಿ 2007ರಲ್ಲಿ ನಿವೃತ್ತಿ ಹೊಂದಿದವು. ಲಿಬರೇಟರುಗಳಾದರೋ ಬಾಂಬು ಹೊರುವ ಕೆಲಸವನ್ನು ಅವುಗಳಿಗೆ ಬಿಟ್ಟುಕೊಟ್ಟು, ಸಮುದ್ರದ ಮೇಲಿನ ಕಾವಲಿಗೆ ನಿಂತು, 1968ರವರೆಗೆ ದುಡಿದವು. ಅನಂತರ ಅವುಗಳಲ್ಲಿ ಕೆಲವನ್ನು ಇಂಗ್ಲೆಂಡ್, ಅಮೆರಿಕ, ಕೆನಡಾ ದೇಶಗಳ ವಸ್ತುಸಂಗ್ರಹಾಲಯಗಳು ಬಯಸಿ ಪಡೆದವು. ಒಮ್ಮೆ ಹಾಳುಗೆಡವಲ್ಪಟ್ಟಿದ್ದ ಆ ವಿಮಾನಗಳು ಅಷ್ಟು ದೂರಕ್ಕೂ ಹಾರಿಕೊಂಡೇ ಹೋದವು.