ಹಳ್ಳದ ದಡದ ಜಮೀನಿನ ಸಂರಕ್ಷಣೆ

ಹಳ್ಳದ ಪಕ್ಕದಲ್ಲಿ ಜಮೀನುಳ್ಳ ಹಿಡುವಳಿದಾರರಲ್ಲಿ ಅನೇಕರು ಒಂದೆರಡು ಸಾಲು ರಾಗಿ ಹೆಚ್ಚಾಗಿ ದೊರೆಯಲೆಂದು ದಡದ ಅಂಚಿನವರೆಗೂ ಉಳುವುದುಂಟು. ಇದು ಲಾಭವೆಂದು ತೋರಿದರೂ ಇದರಿಂದ ನಷ್ಟವೇ ಅಧಿಕ. ದಡದ ಗಿಡವೂ ಹುಲ್ಲೂ ಹೋದಮೇಲೆ ಮಣ್ಣನ್ನು ಹಿಡಿದಿಡುವ ಬೇರುಗಳೇ ಉಳಿಯುವುದಿಲ್ಲ. ಪ್ರವಾಹವು ತಿರುವಿನ ಹೊರಮಗ್ಗುಲಲ್ಲಿ ದಡದ ಬುಡವನ್ನು ಕೊರೆಯುತ್ತದೆ; ನೀರು ಇಳಿದ ಮೇಲೆ, ನೆನೆದು ಭಾರವಾದ ಮೇಲಿನ ಮಣ್ಣು ಆಧಾರವಿಲ್ಲದೆ ಕುಸಿಯುತ್ತದೆ. ಹೀಗೆ ಹೋದ ಮಣ್ಣು ಕೆಳಗಿನ ಕೆರೆಯಲ್ಲಿ ಹೂಳಾಗಿ ನಿಲ್ಲುವುದರಿಂದ, ಒಬ್ಬನ ಹೊಲದ ನಷ್ಟವು ಊರಿನ ನಷ್ಟವೂ ಆಗುತ್ತದೆ.

ಕೆಟ್ಟ ದಡವನ್ನು ಸರಿಪಡಿಸುವ ಕ್ರಮವೇನೆಂದರೆ:—

1. ದಡದ ಅಂಚಿನಿಂದ 10 ಗಜಕ್ಕೆ ಕಡಮೆಯಿಲ್ಲದಷ್ಟು ಅಗಲವನ್ನು ಉಳದೆ ಬಿಡತಕ್ಕದ್ದು. ಅದಕ್ಕೆ ಮುಳ್ಳುಬೇಲಿ ಕಟ್ಟಿ, ಎರಡು ಮಳೆಗಾಲಗಳು ಕಳೆಯುವವರೆಗೆ ದನಕುರಿಗಳನ್ನು ಮೇಯಿಸಕೂಡದು. ಅವು ನೀರು ಕುಡಿಯುವುದಕ್ಕೆ ಒಂದೇ ಸ್ಥಳದಲ್ಲಿ ಕಲ್ಲು ಹಾಸಿ ದಾರಿ ಮಾಡಿಕೊಡಬೇಕು.

2. ಗೋಡೆಯಂತೆ ನಿಂತಿರುವ ದಡವನ್ನು ಬೇಸಗೆಯಲ್ಲಿ 1 ಅಡಿ ಎತ್ತರಕ್ಕೆ 2 ಅಡಿ ಅಗಲದಂತೆ ಇಳಿಜಾರು ಮಾಡಿ, ಬುಡದಲ್ಲಿ ದಪ್ಪ ಕಲ್ಲುಗಳನ್ನು ಹೂಳಬೇಕು.

3. ಮಳೆ ಹಿಡಿದೊಡನೆ, ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಸಾಲುಗಳಲ್ಲಿ ಲಾವಂಚದ ಹಿಳ್ಳುಗಳನ್ನು 4 ರಿಂದ 6 ಅಂಗುಲಕ್ಕೊಂದರಂತೆ ನೆಡಬೇಕು. ಇದರ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಆಳಕ್ಕೆ ಇಳಿಯುವುದರಿಂದ ಪಕ್ಕದ ಬೆಳೆಗೆ ಬಾಧಕವಿಲ್ಲ. ಗುಂಡ್ಲುಪೇಟೆಯ ಸೀಮೆಯ ರೈತರು ಬಹುಕಾಲದಿಂದ ಇದನ್ನು ಹೊಲದ ಎಲ್ಲೆಗೆ ಬೆಳೆಸುತ್ತ ಬಂದಿದ್ದಾರೆ. ಬೇರಿನ ಬೆಲೆಗೆ ಆಶೆಪಟ್ಟು ಇದನ್ನು ಅಗೆಯಕೂಡದು.

4. ಸಾಲುಗಳ ನಡುವೆ ಲಕ್ಕಿಯ ಕಡ್ಡಿಗಳನ್ನು ಊರಬಹುದು. ದನಗಳು ಇದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ದಡದ ಮೇಲ್ಭಾಗಕ್ಕೆ ಹೊಂಗೆ, ಹೊಳೆಮತ್ತಿ, ಬಿದಿರು ಇವು ಉತ್ತಮ. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರವಾಗುವುದು, ಬೀಜದಿಂದ ಎಣ್ಣೆ ದೊರೆಯುವುದು, ಬಿದಿರು ಮನೆಗೆಲಸಕ್ಕೆ ಒದಗುವುದು. ಆದುದರಿಂದ ಉಳದೆ ಬಿಟ್ಟ ಭೂಮಿಯು ವ್ಯರ್ಥವಾಯಿತೆಂದು ಎಣಿಸತಕ್ಕದ್ದಿಲ್ಲ.

ಗ್ರಾಮದ ಮುಖಂಡರು ಮುಖ್ಯವಾಗಿ ಗಮನಿಸತಕ್ಕ ವಿಷಯವೊಂದುಂಟು. ಒಬ್ಬನು ತನ್ನ ದಡದಿಂದ ಹಳ್ಳದೊಳಕ್ಕೆ ಕಲ್ಲಿನ ಅಡ್ಡಗಟ್ಟೆಯನ್ನು ಚಾಚಿದರೆ, ನೀರು ಎದುರು ದಡಕ್ಕೆ ತಿರುಗಿ ನೆರೆಯವನ ಹೊಲವನ್ನು ಕೊರೆಯುವುದು. ವ್ಯಾಜ್ಯಗಳು ಹುಟ್ಟುವುದು ಹೀಗೆಯೇ. ಆದಕಾರಣ ಎರಡು ದಡದವರನ್ನೂ ಕೂಡಿಸಿ, ಕೆಲಸವು ಒಟ್ಟಾಗಿ ನಡೆಯುವಂತೆ ಏರ್ಪಡಿಸಬೇಕು. ಹಳ್ಳದ ಮರಳನ್ನು ತೆಗೆಯುವುದಕ್ಕೂ ಆಸ್ಪದ ಕೊಡಕೂಡದು. ಪಾತ್ರವು ತಗ್ಗಾದಷ್ಟೂ ದಡಗಳು ಕುಸಿಯುವುವು, ಸಮೀಪದ ಬಾವಿಗಳ ನೀರೂ ಇಳಿಯುವುದು.

ಮೊದಲನೆಯ ಮಳೆಗಾಲದಲ್ಲಿ ಕೆಲವು ಸಸಿಗಳು ಕೊಚ್ಚಿಹೋಗುವುದು ಸಹಜ. ಅದರಿಂದ ಎದೆಗುಂದದೆ, ತೆರವಾದ ಕಡೆಗಳಲ್ಲಿ ತೇವವಿರುವಾಗಲೇ ಬೇರೆ ಸಸಿಗಳನ್ನು ನೆಡಬೇಕು. ಸಸಿ ಹೋದರೆ ಮತ್ತೆ ನೆಡಬಹುದು. ಹಳ್ಳದ ಪಾಲಾದ ಮೇಲ್ಮಣ್ಣನ್ನು ಯಾವ ಗೊಬ್ಬರವೂ ಹಿಂದಕ್ಕೆ ತಂದುಕೊಡಲಾರದು.